ನಡುವಿನ ರುಜು

ಜನವರಿ 14

ನನ್ನ ಗುಂಡುಸೂಜಿಗೆ,

ನಿನ್ನ ಕಾಗದ ಬಂತು. ಅಂಚೆಯವಳು ಬಾಗಿಲಲ್ಲೇ ನಿಂತು, "ಅಜ್ಜೀ, ನಿಮಗೂ ಕಾಗದ ಬರೆಯೋರು ಇದಾರಾ?" ಅಂದಳು. "ಯಾಕೆ, ನೆಂಟರು ಇರೋದು ನಿನಗೊಬ್ಬಳಿಗೇನಾ?" ಎಂದು ಕಿತ್ತುಕೊಂಡೆ. ಅವಳು ಹೋದ ಮೇಲೆ ಅದನ್ನು ಹೊಲಿಗೆ ಯಂತ್ರದ ಮೇಲಿಟ್ಟು ಬಹಳ ಹೊತ್ತು ಒಡೆಯಲಿಲ್ಲ. ಒಂಬತ್ತು ವರ್ಷ ಬಾರದಿದ್ದ ಕಾಗದ, ಇನ್ನೊಂದು ಗಳಿಗೆ ಕಾದರೆ ಹಳಸಿ ಹೋಗುವುದಿಲ್ಲ.

ಒಡೆದ ಮೇಲೂ ಮೊದಲು ನೋಡಿದ್ದು ಕೊನೆಯ ಸಾಲು. ನಿನ್ನ ಅಕ್ಷರ ನನಗೆ ಗುರುತಿಲ್ಲ. ನೀನು ಇಲ್ಲಿಂದ ಹೋದಾಗ ನಿನಗೆ ಹದಿನಾಲ್ಕು, ಕೋಳಿ ಕೆದರಿದ ಹಾಗೆ ಬರೆಯುತ್ತಿದ್ದೆ. ಆದರೆ "ಗುಂಡುಸೂಜಿ" ಎಂದು ರುಜು ಹಾಕಿದ್ದೀಯೆ. ಕಡ್ಡಿಯಂಥ ಮೈ, ಬಾಯಿ ತೆರೆದರೆ ಚುಚ್ಚುವ ಮಾತು ಎಂದು ಆ ಹೆಸರಿಟ್ಟವಳು ನಾನು. ಅದು ನಿನ್ನ ಅಮ್ಮನಿಗೆ ಬಿಟ್ಟರೆ ಇನ್ನು ಯಾರಿಗೂ ಗೊತ್ತಿಲ್ಲ. ಆದ್ದರಿಂದ ನೀನೇ ಎಂದು ಒಪ್ಪಿಕೊಂಡಿದ್ದೇನೆ.

ಕೆಲಸ ಸಿಕ್ಕಿದೆ ಎಂದು ಬರೆದಿದ್ದೀಯೆ. ಸಂತೋಷ. ಏನು ಕೆಲಸ ಎಂದು ಬರೆದಿಲ್ಲ. "ಕಂಪ್ಯೂಟರ್ ಕೆಲಸ" ಎಂದರೆ ನನಗೇನು ತಿಳಿಯಬೇಕು? ನಾನು "ಬಟ್ಟೆ ಕೆಲಸ" ಎಂದರೆ ಒಗೆಯುವುದೋ ಹೊಲಿಯುವುದೋ ನಿನಗೆ ತಿಳಿಯುತ್ತದೆಯೇ? ಬಿಡಿಸಿ ಬರೆ.

ನಾನು ಕ್ಷೇಮ ಎಂದು ಬರೆದರೆ ಮೊಣಕಾಲು ನಗುತ್ತದೆ. ಉಳಿದದ್ದೆಲ್ಲ ನೆಟ್ಟಗಿದೆ. ಕಿಟಕಿಯ ಪಕ್ಕ ಅದೇ ಯಂತ್ರ, ಅದೇ ಕುರ್ಚಿ. ಬೀದಿಯ ಅರ್ಧ ಜನರ ತೋಳು ಗಿಡ್ಡ ಮಾಡಿ, ಇನ್ನರ್ಧ ಜನರ ಸೊಂಟ ಬಿಚ್ಚಿ ಕಾಲ ಹಾಕುತ್ತಿದ್ದೇನೆ.

ನನಗೆ ಬೇಕಾದ್ದು ಒಂದೇ, ಸುತ್ತಿ ಬಳಸದೆ ಬರೆಯುತ್ತೇನೆ. ನಿನ್ನ ಅಮ್ಮ ಒಮ್ಮೆ ಈ ಹೊಸಿಲು ದಾಟಿ ಒಳಗೆ ಬರಬೇಕು. ಬೈಯಲಿಕ್ಕಾದರೂ ಸರಿ. ಅವಳು ನನ್ನ ಹೆಸರು ಎತ್ತುತ್ತಾಳೆಯೇ? ಇದ್ದದ್ದನ್ನು ಇದ್ದ ಹಾಗೆ ಹೇಳು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಎಲ್ಲಾದರೂ ಹಾರಿದ್ದರೆ ನೀನೇ ಹೊಲಿದುಕೊ.

ನಿನ್ನ ಅಜ್ಜಿ


ಫೆಬ್ರುವರಿ 2

ಅಜ್ಜೀ,

ಬಿಡಿಸಿ ಬರೆಯುತ್ತೇನೆ, ಆಕಳಿಸಬೇಡ.

ನಾನಿರುವುದು ಅಮ್ಮನ ಆಸ್ಪತ್ರೆಯಲ್ಲೇ. ಅಮ್ಮ ಮೂರನೇ ಮಹಡಿಯಲ್ಲಿ ಮಕ್ಕಳ ವಾರ್ಡಿನ ಹಿರಿಯ ನರ್ಸ್. ನಾನು ನೆಲಮಾಳಿಗೆಯ ಕಂಪ್ಯೂಟರ್ ಕೋಣೆಯಲ್ಲಿ, ಫ್ಯಾನಿನ ಗುಂಯ್ ಸದ್ದಿನ ಮಧ್ಯೆ. ರಕ್ತ ಪರೀಕ್ಷೆಯ ವರದಿಗಳು ಲ್ಯಾಬಿನಿಂದ ವಾರ್ಡಿಗೆ ಕಂಪ್ಯೂಟರಿನಲ್ಲೇ ಹೋಗುತ್ತವೆ. ವಾರ್ಡಿನ ಕಂಪ್ಯೂಟರ್ ವರದಿ ತೆಗೆದುಕೊಳ್ಳುವ ಮೊದಲು "ನೀನು ನಿಜವಾಗಿಯೂ ಲ್ಯಾಬೇ ಹೌದಾ?" ಎಂದು ಕೇಳುತ್ತದೆ. ಲ್ಯಾಬಿನ ಕಂಪ್ಯೂಟರ್ ತನ್ನ ಪ್ರಮಾಣಪತ್ರ ತೋರಿಸುತ್ತದೆ. ಆ ಪತ್ರದ ಮೇಲೆ ಒಬ್ಬರ ರುಜು ಇರುತ್ತದೆ. ರುಜು ಹಾಕಿದವರು ಯಾರು ಎನ್ನುವುದಕ್ಕೆ ಇನ್ನೊಂದು ಪತ್ರ, ಅದರ ಮೇಲೆ ಅವರಿಗಿಂತ ಹಿರಿಯರ ರುಜು. ತುದಿಯಲ್ಲಿರುವುದು ಮೂಲಪತ್ರ. ಅದೊಂದು ಮಾತ್ರ ಎಲ್ಲ ಕಂಪ್ಯೂಟರುಗಳಲ್ಲೂ ಮೊದಲೇ ಇರುತ್ತದೆ. ಮೂಲಕ್ಕೂ ಲ್ಯಾಬಿಗೂ ನಡುವೆ ನಿಲ್ಲುವುದನ್ನು ನಾವು ನಡುಪತ್ರ ಎನ್ನೋಣ.

ಈ ಸರಪಳಿ ಎಲ್ಲೂ ಕಡಿದಿಲ್ಲ ಎಂದು ಪರೀಕ್ಷಿಸುವುದು ನನ್ನ ಕೆಲಸ. ಅದಕ್ಕೊಂದು ಉಪಕರಣವಿದೆ. ಚಿತ್ರ ಇಲ್ಲ, ಗುಂಡಿ ಇಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಬೇಕು, ಅದು ಒಂದು ಸಾಲಿನಲ್ಲಿ ಉತ್ತರ ಕೊಡುತ್ತದೆ. ಎಲ್ಲ ಸರಿಯಿದ್ದರೆ "ಓಕೆ". ಇಲ್ಲದಿದ್ದರೆ ದೋಷ, ದೋಷಕ್ಕೊಂದು ನಂಬರು. ಇಪ್ಪತ್ತನೇ ದೋಷ ಎಂದರೆ "ಇದಕ್ಕೆ ರುಜು ಹಾಕಿದವರ ಪತ್ರ ನನಗೆ ಸಿಗುತ್ತಿಲ್ಲ" ಎಂದು ಅರ್ಥ.

ಮಾರ್ಚ್ ಒಂದಕ್ಕೆ ಲ್ಯಾಬಿನ ಹಳೆಯ ಪತ್ರದ ಅವಧಿ ಮುಗಿಯುತ್ತದೆ. ಹೊಸ ಪತ್ರ, ಅದರ ಜೊತೆ ನಡುಪತ್ರ, ಎರಡನ್ನೂ ಕೂಡಿಸಿ ಹಾಕುವ ಕೆಲಸ ನನಗೆ ಕೊಟ್ಟಿದ್ದಾರೆ. ನಾನು ಒಬ್ಬಳೇ ಮಾಡುವ ಮೊದಲ ಕೆಲಸ ಇದು.

ನಿನ್ನ ಪ್ರಶ್ನೆಗೆ: ಅಮ್ಮ ನಿನ್ನ ಹೆಸರು ಎತ್ತುವುದಿಲ್ಲ. ಆದರೆ ನಿನ್ನ ಕಾಗದವನ್ನು ಮೇಜಿನ ಮೇಲೆ ಬೇಕೆಂದೇ ಬಿಟ್ಟಿದ್ದೆ. ಮುಟ್ಟಲಿಲ್ಲ. ಪಾತ್ರೆ ಒರೆಸುತ್ತಾ ದೂರದಿಂದಲೇ ನೋಡಿ, "ಅಕ್ಷರ ಹಾಗೇ ಇದೆ" ಅಂದಳು.

ನಿಮ್ಮಿಬ್ಬರ ನಡುವೆ ಏನಾಯಿತು ಅಜ್ಜೀ? ಅಪ್ಪನಿಗೆ ಮೊದಲೇ ಒಬ್ಬ ಹೆಂಡತಿ ಇದ್ದಳು ಎಂದು ತಿಳಿದ ದಿನ ನೆನಪಿದೆ. ಅಪ್ಪನನ್ನು ಬಿಟ್ಟದ್ದು ಅರ್ಥವಾಗುತ್ತದೆ. ನಿನ್ನನ್ನು ಯಾಕೆ ಬಿಟ್ಟಳು?

ಗುಂಡುಸೂಜಿ


ಫೆಬ್ರುವರಿ 11

ಗುಂಡುಸೂಜಿಗೆ,

ಅಂತೂ ಯಂತ್ರಗಳೂ "ನೀನು ಯಾರ ಪೈಕಿ?" ಎಂದು ಕೇಳಿಕೊಳ್ಳುವ ಕಾಲ ಬಂತು. ಒಳ್ಳೆಯದೇ. ಮನುಷ್ಯರು ಕೇಳುವುದನ್ನು ಬಿಟ್ಟಿದ್ದಾರೆ, ಅವಾದರೂ ಕೇಳಲಿ. ಇಪ್ಪತ್ತನೇ ದೋಷ ಎಂದೆಯಲ್ಲ, ಹಿಂದಿನ ಹತ್ತೊಂಬತ್ತು ಯಾರು ಮಾಡಿದ್ದು? ಅದಕ್ಕೂ ಒಂದು ಪಟ್ಟಿ ಇದ್ದರೆ ಕಳಿಸು, ಈ ಬೀದಿಯವರಿಗೆ ಹಂಚುತ್ತೇನೆ.

ನನಗೆ ಅರ್ಥವಾದದ್ದು ಇಷ್ಟು. ನನ್ನ ಹತ್ತಿರ ಹೊಸ ಬಟ್ಟೆ ತಂದು "ಹೇಗಿದೆ ಹೊಲಿಗೆ?" ಎಂದು ಕೇಳಿದರೆ ನಾನು ಹೊರಗಿನದನ್ನು ನೋಡುವುದೇ ಇಲ್ಲ. ಹೊರಗಡೆ ಎಲ್ಲರೂ ಚೆನ್ನಾಗಿಯೇ ಹೊಲಿದಿರುತ್ತಾರೆ. ಒಳಮೈ ತಿರುಗಿಸುತ್ತೇನೆ. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದಾರೆಯೇ, ದಾರ ಗಂಟು ಹಾಕಿದ್ದಾರೆಯೇ, ಇಲ್ಲ ಸುಮ್ಮನೆ ಕತ್ತರಿಸಿ ಬಿಟ್ಟಿದ್ದಾರೆಯೇ, ಎಲ್ಲ ಅಲ್ಲಿ ಕಾಣುತ್ತದೆ. ಎರಡು ಬೆರಳು ಬಟ್ಟೆ ಬಿಟ್ಟಿದ್ದರೆ ನಾಳೆ ಮೈ ಬಂದಾಗ ಬಿಚ್ಚಿ ಹೊಲಿಯಬಹುದು. ಬಿಟ್ಟಿಲ್ಲದಿದ್ದರೆ ಒರೆಸುವ ಬಟ್ಟೆ.

ಅದಕ್ಕೆ ಒಂದು ಕೇಳುತ್ತೇನೆ. ಲ್ಯಾಬಿನ ಪತ್ರ ನಿನ್ನ ಕೈಯಲ್ಲಿದೆ, ನೋಡುತ್ತೀಯೆ. ಮೂಲಪತ್ರ ಎಲ್ಲರಿಗೂ ಗೊತ್ತು. ನಡುವಿನವನನ್ನು ಯಾರು ನೋಡುತ್ತಾರೆ? ನಡುವಿನವನು ಯಾವತ್ತೂ ಗುಂಪಿನಲ್ಲಿ ಗೋವಿಂದ. ಮದುವೆ ಮನೆಯಲ್ಲಿ ಹುಡುಗನ ಕಡೆಯವರು ಹುಡುಗಿಯ ಕಡೆಯವನೆಂದುಕೊಂಡು, ಹುಡುಗಿಯ ಕಡೆಯವರು ಹುಡುಗನ ಕಡೆಯವನೆಂದುಕೊಂಡು ಊಟ ಹಾಕುತ್ತಾರಲ್ಲ, ಅವನ ಹಾಗೆ.

ಇನ್ನು ನಿನ್ನ ಪ್ರಶ್ನೆ. ನಿನ್ನ ಅಪ್ಪನ ಸಂಬಂಧ ತಂದವನು ನನಗೆ ಬಟ್ಟೆ ಕೊಡುತ್ತಿದ್ದ ಅಂಗಡಿಯವನು. ಹುಡುಗನ ಊರು ಎರಡು ಬಸ್ಸು ಬದಲಾಯಿಸಿ ಹೋಗುವ ದೂರ. "ನಾನೇ ಹೋಗಿ ಮನೆ ಮಠ ನೋಡಿಕೊಂಡು ಬಂದಿದ್ದೇನೆ, ಕಣ್ಣು ಮುಚ್ಚಿ ಒಪ್ಪಿಕೊ" ಎಂದು ನಿನ್ನ ಅಮ್ಮನಿಗೆ ಹೇಳಿದೆ. ಒಪ್ಪಿಕೊಂಡಳು. ಹದಿನೈದು ವರ್ಷದ ಮೇಲೆ ಅವನ ಬಣ್ಣ ಬಯಲಾದಾಗ ಬಂದು ನನ್ನನ್ನು ಒಂದೇ ಕೇಳಿದಳು: "ನೋಡಿದ್ದೆಯಾ ಅಮ್ಮಾ?" "ಕಣ್ಣಾರೆ ನೋಡಿದ್ದೆ" ಅಂದೆ. ಪೆಟ್ಟಿಗೆ ಕಟ್ಟಿ ನಿನ್ನನ್ನು ಕರೆದುಕೊಂಡು ಹೋದಳು.

ನೋಡಿ ತಂದ ಹಣ್ಣಿನೊಳಗೆ ಹುಳವಿದ್ದರೆ ತಂದವಳು ಏನು ಮಾಡಬೇಕು? ಇಷ್ಟೇ. ಇನ್ನು ಕೇಳಬೇಡ.

ಅಜ್ಜಿ


ಮಾರ್ಚ್ 6

ಅಜ್ಜೀ,

ಒಂದು ತಪ್ಪು ಮಾಡಿದೆ. ನಿನಗೆ ಬರೆಯದಿದ್ದರೆ ಸಮಾಧಾನವಿಲ್ಲ.

ಲ್ಯಾಬಿನ ಹೊಸ ಪತ್ರ, ನಡುಪತ್ರ ಎರಡನ್ನೂ ಒಂದೇ ಕಡತದಲ್ಲಿ ಒಂದರ ಕೆಳಗೊಂದು ಇಟ್ಟು ಉಪಕರಣಕ್ಕೆ ಕೊಟ್ಟೆ. "ಓಕೆ" ಎಂದಿತು. "ಪೂರ್ತಿ ಸರಪಳಿ ಪರೀಕ್ಷಿಸಿದ್ದೇನೆ" ಎಂದು ರಿಜಿಸ್ಟರಿನಲ್ಲಿ ಬರೆದು ರುಜು ಹಾಕಿದೆ. ಮಾರ್ಚ್ ಒಂದರ ಬೆಳಿಗ್ಗೆ ಹೊಸದನ್ನು ಚಾಲೂ ಮಾಡಿದೆವು. ಎಲ್ಲ ವಾರ್ಡುಗಳೂ ಲ್ಯಾಬಿಗೆ ಬಾಗಿಲು ಹಾಕಿದವು. ಇಪ್ಪತ್ತನೇ ದೋಷ.

ಆಮೇಲೆ ಗೊತ್ತಾಯಿತು. ಕಡತದಲ್ಲಿ ಎಷ್ಟು ಪತ್ರ ಇಟ್ಟರೂ ಆ ಉಪಕರಣ ಪರೀಕ್ಷಿಸುವುದು ಎಲ್ಲಕ್ಕಿಂತ ಮೇಲಿನ ಒಂದನ್ನು ಮಾತ್ರ. ಕೆಳಗಿನದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ನಾನು ಕೆಳಗಿಟ್ಟಿದ್ದದ್ದು ಕಳೆದ ವರ್ಷದ ನಡುಪತ್ರ! ಈ ಸಲ ರುಜು ಹಾಕಿದ್ದು ಬೇರೆ ನಡುಪತ್ರ. ಹಾಗಾದರೆ "ಓಕೆ" ಹೇಗೆ ಬಂತು? ನನ್ನ ಕಂಪ್ಯೂಟರಿನ ನಂಬಿಕಸ್ಥರ ಪಟ್ಟಿಯಲ್ಲಿ ಹೊಸ ನಡುಪತ್ರವನ್ನು ಯಾರೋ ಮೊದಲೇ ಸೇರಿಸಿಟ್ಟಿದ್ದರು. ಕೊಂಡಿ ಇಲ್ಲದ ಕಡೆ ಅದು ತಾನಾಗಿ ತುಂಬಿಕೊಂಡಿತು. ವಾರ್ಡಿನ ಕಂಪ್ಯೂಟರಿಗೆ ಮೂಲಪತ್ರ ಬಿಟ್ಟರೆ ಯಾರ ಪರಿಚಯವೂ ಇಲ್ಲ. ಅದು ಸರಿಯಾಗಿಯೇ ಬಾಗಿಲು ಹಾಕಿತ್ತು.

ನಮ್ಮ ಮೇಲಿನವರಿಗೆ ಯಾವಾಗಲೂ ಗಡಿಬಿಡಿ. "ಏನಮ್ಮಾ, ವಾರ್ಡಿನಲ್ಲಿ ಆ ಪರೀಕ್ಷೆನೇ ಆಫ್ ಮಾಡಿಬಿಡು. ಯಾರು ನೋಡ್ತಾರೆ?" ಅಂದರು. "ಸರ್, ಹಾಗೆ ಮಾಡಿದ್ರೆ ಯಾರು ಬೇಕಾದರೂ ಲ್ಯಾಬ್ ಅಂತ ಹೇಳ್ಕೊಂಡು ಯಾವ ಮಗುವಿನ ವರದಿ ಬೇಕಾದರೂ ಕಳಿಸಬಹುದು" ಅಂದೆ. "ಹಾಗಾದ್ರೆ ಪತ್ರ ಕೊಟ್ಟ ಕಚೇರಿಯವರದ್ದೇ ತಪ್ಪು ಅಂತ ಬರಿ" ಅಂದರು.

ಅಷ್ಟರಲ್ಲಿ ಅಮ್ಮ ಬಂದಳು. ಬೆಳಿಗ್ಗೆಯಿಂದ ವರದಿಗಳನ್ನು ಚೀಟಿಯಲ್ಲಿ ಬರೆಸಿಕೊಂಡು ಮೂರು ಮಹಡಿ ಹತ್ತಿ ಇಳಿದಿದ್ದಳು. ರಿಜಿಸ್ಟರನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಇದಕ್ಕೆ ರುಜು ಹಾಕಿದ್ದು ಯಾರು?"

"ನಾನೇ."

"ನೋಡಿದ್ದೆಯಾ?"

ಅಜ್ಜೀ, ಅದೇ ಮಾತು, ಅದೇ ದನಿ ಇರಬೇಕು. ನಿನ್ನ ಕಾಗದ ನೆನಪಾಯಿತು. ಮೇಲಿನವರು ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಅಮ್ಮಾ. ಮೇಲಿನದನ್ನ ಮಾತ್ರ ನೋಡಿದೆ. ಎಲ್ಲ ನೋಡಿದೀನಿ ಅಂತ ಬರೆದೆ."

ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ. ಅವಳು ರಿಜಿಸ್ಟರನ್ನು ನನ್ನ ಕಡೆಗೆ ತಳ್ಳಿ, "ಸರಿ. ಈಗ ನೋಡು. ಅಲ್ಲಿವರೆಗೆ ನಾವು ಮೆಟ್ಟಿಲು ಹತ್ತುತ್ತೀವಿ" ಅಂದಳು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟಳು. ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಸರಿಹೋಯಿತು. ಈಗ ಪರೀಕ್ಷೆಯನ್ನು ಬೇರೆ ರೀತಿ ಮಾಡುತ್ತೇನೆ. ನಂಬಿಕಸ್ಥರ ಪಟ್ಟಿಯಲ್ಲಿ ಮೂಲಪತ್ರ ಒಂದೇ. ನಡುಪತ್ರವನ್ನು ಬೇರೆಯಾಗಿ, "ಇದನ್ನು ನಂಬಿಲ್ಲ" ಎಂದು ಗುರುತು ಹಾಕಿ ಕೊಡಬೇಕು. ಆ ಉಪಕರಣದಲ್ಲಿ ಆ ಗುರುತಿಗೇ ಒಂದು ಪದವಿದೆ. ನಂಬದವರ ಸಾಲಿನಲ್ಲಿ ಕೂತಿದ್ದನ್ನೂ ಅದು ತಳ್ಳಿಹಾಕುವುದಿಲ್ಲ. ಅದರ ರುಜು ಮೂಲದವರೆಗೆ ಕೂಡಿಕೊಂಡರೆ ಒಪ್ಪಿಕೊಳ್ಳುತ್ತದೆ.

ಗುಂಡುಸೂಜಿ


ಮಾರ್ಚ್ 29

ಗುಂಡುಸೂಜಿಗೆ,

ಉತ್ತರ ತಡವಾಯಿತು. ಮೊಣಕಾಲು, ಕಣ್ಣು ಎಂದು ನೆಪ ಬರೆಯಲು ಕೂತೆ. ಅದನ್ನು ಹರಿದೆ. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಅಂಚೆಯವಳು ದಿನಾ ಬಂದು, "ಏನಜ್ಜೀ, ಹಾಕೋ ಕಾಗದ ಇದೆಯಾ?" ಎಂದು ಕೇಳುತ್ತಿದ್ದಳು. ನಿನ್ನೆ ಬುಟ್ಟಿಯಲ್ಲಿದ್ದ ಚೂರು ನೋಡಿ, "ಅಯ್ಯೋ, ಇದನ್ನೇ ಲಕೋಟೆಗೆ ತುಂಬಿ ಕೊಡಿ, ಅಲ್ಲೇ ಜೋಡಿಸಿಕೊಳ್ಳಲಿ" ಅಂದಳು. ನನ್ನ ಹತ್ತಿರ ಓಡಾಡಿ ಅವಳ ನಾಲಿಗೆಗೂ ಸಾಣೆ ಹಿಡಿದಿದೆ.

ನೀನು ಮಾಡಿದ ತಪ್ಪು ದೊಡ್ಡದೇ. ಮಕ್ಕಳ ವಾರ್ಡು ಎಂದರೆ ಆಟವಲ್ಲ. ಅದಕ್ಕೆ ಬೈಯಬೇಕೆಂದು ಬಾಯಿ ತೆರೆದೆ, ಬಾಯಿ ಹಾಗೇ ಮುಚ್ಚಿಕೊಂಡಿತು. ಇಪ್ಪತ್ತಮೂರು ವರ್ಷದ ಹುಡುಗಿ ಕೆಲಸ ಹೋದರೂ ಹೋಗಲಿ ಎಂದು "ನೋಡಿಲ್ಲ" ಅಂದಳು. ಎಪ್ಪತ್ತೈದರ ಮುದುಕಿಗೆ ಕಳೆದುಕೊಳ್ಳಲು ಯಾವ ಕೆಲಸವಿತ್ತು?

ನಿನಗೆ ಬರೆದ ಹಿಂದಿನ ಕಾಗದದಲ್ಲಿ ನಾನೊಂದು ಸುಳ್ಳು ಬರೆದಿದ್ದೇನೆ. ಯಾವುದು ಎಂದು ಇದರ ಜೊತೆಗಿರುವ ಇನ್ನೊಂದು ಕಾಗದದಲ್ಲಿದೆ. ಅದು ನಿನ್ನ ಅಮ್ಮನಿಗೆ. ಮೇಜಿನ ಮೇಲೆ ಬೇಕೆಂದೇ ಬಿಡುವ ನಾಟಕವೆಲ್ಲ ಬೇಡ. ಕೈಗೆ ಕೊಡು. ಓದು ಎಂದು ಒತ್ತಾಯ ಮಾಡಬೇಡ.

ಅಜ್ಜಿ


ಮಾರ್ಚ್ 29

ಮಗಳೇ,

ನಾನು ನೋಡಿರಲಿಲ್ಲ.

ನಿನ್ನ ಮದುವೆಗೆ ಮೊದಲು ಆ ಊರಿಗೆ ಹೊರಟದ್ದು ನಿಜ. ಮೊದಲ ಬಸ್ಸು ಇಳಿದು ಎರಡನೆಯದಕ್ಕೆ ಕಾಯುತ್ತಾ, ಅದೇ ಊರಲ್ಲಿದ್ದ ನಮ್ಮ ಬಟ್ಟೆ ಅಂಗಡಿಯವನ ಹತ್ತಿರ ಕೂತೆ. "ಯಾಕಮ್ಮಾ ಅಷ್ಟು ದೂರ ಸುತ್ತುತ್ತೀರಿ, ಹುಡುಗ ನಮ್ಮವನೇ, ನಾನು ಹೇಳ್ತಿಲ್ವಾ?" ಅಂದ. "ನೀವು ಅವರ ಮನೆಗೆ ಹೋಗಿದೀರಾ?" ಅಂದೆ. "ನಮ್ಮ ಪಾಲುದಾರ ಹೋಗಿದಾನೆ" ಅಂದ. ಪಾಲುದಾರ ಯಾರೆಂದು ನಾನು ಕೇಳಲಿಲ್ಲ. ಬಿಸಿಲಿತ್ತು. ಮನೆಯಲ್ಲಿ ಹನ್ನೊಂದು ಬಟ್ಟೆ ಹೊಲಿಯುವುದಿತ್ತು. ಅಲ್ಲಿಂದಲೇ ತಿರುಗಿ ಬಂದೆ. ಬಂದು ನಿನಗೆ "ನಾನೇ ನೋಡಿದೆ" ಎಂದು ಹೇಳಿದೆ. ಗೋಡೆಗೆ ಯಾವ ಬಣ್ಣ ಬಳಿದಿದ್ದಾರೆ ಎಂದು ಸಹ ಹೇಳಿದೆ. ಹಸಿರು ಅಂದೆ. ಯಾಕೆ ಹಸಿರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನೀನು ನನ್ನನ್ನು ನಂಬಿದೆ, ನಾನು ಅಂಗಡಿಯವನನ್ನು, ಅವನು ಪಾಲುದಾರನನ್ನು. ಹೋಗಿ ನೋಡಿದವರು ಒಬ್ಬರೂ ಇರಲಿಲ್ಲ. ಬೀದಿಯವರ ಬಟ್ಟೆಯನ್ನೆಲ್ಲ ಒಳಮೈ ತಿರುಗಿಸಿ ನೋಡಿದವಳು, ನಿನ್ನ ಬದುಕನ್ನು ಹೊರಗಿನಿಂದಲೇ ನೋಡಿ ಕೊಟ್ಟುಬಿಟ್ಟೆ.

ಅದೊಂದು ತಪ್ಪು. ಒಂಬತ್ತು ವರ್ಷದ ಹಿಂದೆ ನೀನು ಬಾಗಿಲಲ್ಲಿ ನಿಂತು ಕೇಳಿದಾಗ ಮತ್ತೆ "ಕಣ್ಣಾರೆ" ಎಂದದ್ದು ಎರಡನೆಯದು. ಮೊದಲನೆಯದಕ್ಕೆ ಸೋಮಾರಿತನ ಕಾರಣ. ಎರಡನೆಯದಕ್ಕೆ ಕೊಬ್ಬು.

ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ, ಆ ಪದ ನಾನು ಬಳಸಿ ಅಭ್ಯಾಸವಿಲ್ಲ. ಬಳಸಿದರೆ ಎರವಲು ತಂದ ಬಟ್ಟೆಯ ಹಾಗೆ ಕಾಣುತ್ತದೆ. ಆದರೂ ಬರೆಯುತ್ತೇನೆ. ಕ್ಷಮಿಸು.

ನನ್ನ ಮಾತನ್ನು ನಂಬಿ ಓದಬೇಡ. ನಿನ್ನ ಮಗಳ ಉಪಕರಣದಲ್ಲಿ ನಂಬದವರಿಗೂ ಒಂದು ಸಾಲಿದೆಯಂತೆ. ನನ್ನನ್ನು ಅಲ್ಲಿ ಕೂರಿಸಿ ಓದು.

ಅಮ್ಮ


ಏಪ್ರಿಲ್ 15

ಅಜ್ಜೀ,

ಕೈಗೇ ಕೊಟ್ಟೆ. ಅಮ್ಮ ಕೆಲಸಕ್ಕೆ ಹೊರಟಿದ್ದಳು. ಲಕೋಟೆ ನೋಡಿ ಸಮವಸ್ತ್ರದ ಜೇಬಿಗೆ ಹಾಕಿಕೊಂಡಳು. ಸಂಜೆ ಬಂದಾಗ ಅದು ಒಡೆದಿತ್ತು. ನಾಲ್ಕು ದಿನ ಆಯಿತು, ಇನ್ನೂ ಆ ಜೇಬಿನಲ್ಲೇ ಇದೆ. ನಿನ್ನೆ ಬಟ್ಟೆ ಒಗೆಯುವಾಗ ತೆಗೆದಿಟ್ಟು, ಇಸ್ತ್ರಿ ಆದ ಮೇಲೆ ಮತ್ತೆ ಹಾಕಿಕೊಂಡಳು.

ನನ್ನ ಕೆಲಸ ಉಳಿಯಿತು. ಪತ್ರ ಕೊಟ್ಟ ಕಚೇರಿಯವರ ಮೇಲೆ ತಪ್ಪು ಹೊರಿಸಲಿಲ್ಲ. ನಡೆದದ್ದನ್ನು ನಡೆದ ಹಾಗೆ ರಿಜಿಸ್ಟರಿನಲ್ಲಿ ಬರೆದೆ. ಮೇಲಿನವರು ಅದರ ಕೆಳಗೆ ರುಜು ಹಾಕುವ ಮೊದಲು ಮೂರು ಸಲ ಓದಿದರು. ಅವರು ಯಾವುದನ್ನಾದರೂ ಮೂರು ಸಲ ಓದಿದ್ದು ಇದೇ ಮೊದಲು ಎಂದು ಲ್ಯಾಬಿನವರು ನಗುತ್ತಿದ್ದಾರೆ.

ಗುಂಡುಸೂಜಿ


ಏಪ್ರಿಲ್ 24

ಗುಂಡುಸೂಜಿಗೆ,

ನಿನ್ನ ಮೇಲಿನವರಿಗೆ ಇನ್ನು ಮುಂದೆ ನನ್ನ ಕಡೆಯಿಂದ "ಅವಸರದಪ್ಪ" ಎಂದು ಹೆಸರು. ಆದರೂ ಪಾಪ, ಮೂರು ಸಲ ಓದಿದರಲ್ಲ. ಇನ್ನೆರಡು ಕಾಗದ ಹೀಗೇ ಬಂದರೆ ಹೆಸರು ಬದಲಾಯಿಸುತ್ತೇನೆ.

ಅಮ್ಮನನ್ನು ಏನೂ ಕೇಳಬೇಡ. ನಾನು ಒಂಬತ್ತು ವರ್ಷ ತೆಗೆದುಕೊಂಡಿದ್ದೇನೆ, ಅವಳು ಒಂಬತ್ತು ವಾರವಾದರೂ ತೆಗೆದುಕೊಳ್ಳಲಿ. ಬಾಗಿಲು ಕಿರ್ರೆನ್ನುತ್ತಿತ್ತು, ತಿರುಗುಣಿಗೆ ಎಣ್ಣೆ ಬಿಟ್ಟೆ. ಅಂಚೆಯವಳು, "ಯಾರಾದ್ರೂ ಬರ್ತಾರಾ ಅಜ್ಜೀ?" ಅಂದಳು. "ಬಾಗಿಲಿಗೆ ಎಣ್ಣೆ ಹಾಕೋಕೆ ಯಾರಾದ್ರೂ ಬರಲೇಬೇಕಾ?" ಎಂದು ರೇಗಿದೆ. ಆಮೇಲೆ ಕುರ್ಚಿಯ ಮೇಲಿದ್ದ ಬಟ್ಟೆ ರಾಶಿಯನ್ನೂ ತೆಗೆದೆ. ಎರಡನೇ ಕುರ್ಚಿ ಒಂದಿದೆ ಎನ್ನುವುದನ್ನೇ ಮರೆತಿದ್ದೆ.

ಅಜ್ಜಿ


ಮೇ 10

ಅಮ್ಮಾ,

ನೀನು ನೋಡಿರಲಿಲ್ಲ ಎಂದು ನನಗೆ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಅವನನ್ನು ಬಿಟ್ಟು ನಿನ್ನ ಮನೆಗೆ ಬಂದಿದ್ದಾಗ, ಗುಂಡಿ ಹುಡುಕುತ್ತಾ ನಿನ್ನ ಸೂಜಿಯ ಡಬ್ಬಿ ತೆರೆದಾಗ ತಳದಲ್ಲಿ ಹಳೆಯ ಬಸ್ ಟಿಕೆಟ್ ಸಿಕ್ಕಿತು. ನನ್ನ ಮದುವೆಯ ವರ್ಷದ್ದು. ಅರ್ಧ ದಾರಿಯವರೆಗಿನದು. ಎರಡನೇ ಬಸ್ಸಿನ ಟಿಕೆಟ್ ಇರಲಿಲ್ಲ. ನೀನು ಅದನ್ನು ಎಸೆದಿರಲಿಲ್ಲ. ಅದನ್ನು ನೋಡಿದ ಮೇಲೆಯೇ ನಾನು ಬಂದು ಕೇಳಿದ್ದು. ಉತ್ತರ ನನ್ನ ಕೈಯಲ್ಲೇ ಇತ್ತು. ನೀನು ಹೇಳಬೇಕಿತ್ತು, ಅಷ್ಟೇ.

ಆ ಮನೆಯ ಗೋಡೆ ಬಿಳಿ.

ನಿನ್ನ ಕಾಗದವನ್ನು ನಂಬದವರ ಸಾಲಿನಲ್ಲಿಟ್ಟೇ ಓದಿದೆ. ಅಂದು ಹೊರಡುವಾಗ ಜೊತೆಗೆ ತಂದಿದ್ದ ಆ ಟಿಕೆಟ್ಟಿನ ಪಕ್ಕದಲ್ಲಿಟ್ಟೂ ಓದಿದೆ. ಕೂಡಿಕೊಂಡಿತು.

ಸಿಟ್ಟು ಪೂರ್ತಿ ಇಳಿದಿಲ್ಲ. ಒಂದೇ ಕಾಗದಕ್ಕೆ ಇಳಿಯುವಂಥದ್ದಲ್ಲ ಅದು. ಎದುರು ಕೂತು ಒಂದಷ್ಟು ಬೈಯಬೇಕು. ಈ ತಿಂಗಳ ಕೊನೆಗೆ ನಾಲ್ಕು ದಿನ ರಜೆ ಸಿಕ್ಕಿದೆ, ಗುಂಡುಸೂಜಿಗೂ ಸಿಕ್ಕಿದೆ. ಬರುತ್ತೇವೆ.

ನನ್ನ ಎರಡು ಸಮವಸ್ತ್ರ ಸೊಂಟದಲ್ಲಿ ಬಿಗಿಯಾಗಿವೆ. ಇಲ್ಲಿನ ದರ್ಜಿ "ಆಗಲ್ಲಮ್ಮಾ, ಹೊಸದು ಹೊಲಿಸಿ" ಅಂದ. ಹೊರಗಿನಿಂದ ನೋಡಿ ಹೇಳಿದ. ತರುತ್ತೇನೆ, ನೀನು ಒಳಮೈ ತಿರುಗಿಸಿ ನೋಡು. ಎರಡು ಬೆರಳಿನಷ್ಟು ಬಟ್ಟೆ ಬಿಟ್ಟಿದ್ದಾರೆ ಅಂತ ನನಗೆ ಕಾಣುತ್ತದೆ.

ನಿನ್ನ ಮಗಳು